ಮೋಟಾರ್ ಇನ್ವರ್ಟರ್‌ನಲ್ಲಿ ಡೆಡ್ ಟೈಮ್: ಲೆಕ್ಕ ಹಾಕುವುದು, ಅಳೆಯುವುದು, ಸರಿದೂಗಿಸುವುದು

ಡಿಸಿ ವಿದ್ಯುತ್ತನ್ನು ಎಸಿ ಮಾಡಿ ಮೂರು ಫೇಸ್ ಮೋಟಾರ್ ಓಡಿಸುವ ಇನ್ವರ್ಟರ್‌ನಲ್ಲಿ ಆರು ಸ್ವಿಚ್‌ಗಳಿರುತ್ತವೆ: ಐಜಿಬಿಟಿ, ಮಾಸ್‌ಫೆಟ್ ಮುಂತಾದ ಟ್ರಾನ್ಸಿಸ್ಟರ್‌ಗಳು, ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರೆ ಆನ್ ಆಗುತ್ತವೆ. ಎರಡೆರಡು ಸೇರಿ ಒಂದು ಲೆಗ್. ಒಂದೇ ಲೆಗ್‌ನ ಹೈ-ಸೈಡ್ (ಮೇಲಿನ) ಮತ್ತು ಲೋ-ಸೈಡ್ (ಕೆಳಗಿನ) ಸ್ವಿಚ್‌ಗಳು ಒಟ್ಟಿಗೆ ಆನ್ ಆದರೆ ಡಿಸಿ ಬಸ್‌ನ, ಅಂದರೆ ಇನ್ವರ್ಟರ್‌ಗೆ ಬರುವ ಡಿಸಿ ಪೂರೈಕೆಯ, ಎರಡು ತುದಿಗಳೂ ನೇರವಾಗಿ ಕೂಡಿಕೊಳ್ಳುತ್ತವೆ. ಇದೇ ಶೂಟ್-ಥ್ರೂ. ಆಗ ಕರೆಂಟನ್ನು ತಡೆಯಲು ದಾರಿಯಲ್ಲಿರುವುದು ಬೋರ್ಡಿನ ಅಲ್ಪಸ್ವಲ್ಪ ಇಂಡಕ್ಟೆನ್ಸ್ ಮಾತ್ರ. ಬಸ್ 560 ವೋಲ್ಟ್, ಇಂಡಕ್ಟೆನ್ಸ್ 100 ನ್ಯಾನೋಹೆನ್ರಿ ಎಂದುಕೊಂಡರೆ ಕರೆಂಟ್ ಪ್ರತಿ ಮೈಕ್ರೋಸೆಕೆಂಡಿಗೆ 5600 ಆಂಪಿಯರ್ ದರದಲ್ಲಿ ಏರತೊಡಗುತ್ತದೆ. ಸ್ವಿಚ್ ಸ್ಯಾಚುರೇಟ್ ಆಗಿ (ತನ್ನ ಗರಿಷ್ಠ ಕರೆಂಟ್ ಮುಟ್ಟಿ) ಅದನ್ನು ಹಿಡಿದು ನಿಲ್ಲಿಸಿದರೂ ಪೂರ್ತಿ ಬಸ್ ವೋಲ್ಟೇಜ್ ಅದರ ಮೇಲೇ ಬಿದ್ದಿರುತ್ತದೆ.

ಇದನ್ನು ತಪ್ಪಿಸಲು ಒಂದು ಸ್ವಿಚ್ಚನ್ನು ಆಫ್ ಮಾಡಿದ ಮೇಲೆ ಅದರ ಜೋಡಿಯನ್ನು ಆನ್ ಮಾಡುವ ಮೊದಲು ಸ್ವಲ್ಪ ಹೊತ್ತು ಎರಡನ್ನೂ ಆಫ್ ಇಟ್ಟಿರುತ್ತೇವೆ. ಆ ಅಂತರವೇ ಡೆಡ್ ಟೈಮ್. ಕಡಿಮೆಯಾದರೆ ಸ್ವಿಚ್ ಸುಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೆ ಏನಾಗುತ್ತದೆ ಎಂಬುದರ ಕಡೆಗೆ ಅಷ್ಟು ಗಮನ ಹೋಗುವುದಿಲ್ಲ. ನಿಧಾನ ವೇಗದಲ್ಲಿ ಮೋಟಾರ್ ಗುದ್ದಿ ಗುದ್ದಿ ತಿರುಗುವುದು, ಕರೆಂಟ್ ತರಂಗ ಸೊನ್ನೆಯ ಬಳಿ ಚಪ್ಪಟೆಯಾಗುವುದು, ಸೆನ್ಸರ್‌ಲೆಸ್ (ರೋಟರ್‌ನ ಸ್ಥಾನವನ್ನು ಸೆನ್ಸರ್ ಇಲ್ಲದೆ ಅಂದಾಜಿಸುವ) ನಿಯಂತ್ರಣ ದಾರಿ ತಪ್ಪುವುದು, ಇವುಗಳ ಹಿಂದೆ ಹಲವು ಸಲ ಇರುವುದು ‘ಸುರಕ್ಷಿತವಾಗಿರಲಿ’ ಎಂದು ಕಣ್ಣಳತೆಯಲ್ಲಿ ಇಟ್ಟ 3 ಮೈಕ್ರೋಸೆಕೆಂಡ್. ಡೆಡ್ ಟೈಮನ್ನು ಲೆಕ್ಕ ಹಾಕಿ ಇಡಬೇಕು, ಅಳೆದು ಖಚಿತ ಮಾಡಿಕೊಳ್ಳಬೇಕು. ಅದರಿಂದ ಕಳೆದುಹೋದ ವೋಲ್ಟೇಜನ್ನು ಸಾಫ್ಟ್‌ವೇರ್‌ನಲ್ಲಿ ಮರಳಿ ಕೊಡಬೇಕು.

ಹಂತ 1: ಬೇಕಾದ ಅಂಕಿಗಳನ್ನು ಕಲೆಹಾಕಿ

ಸ್ವಿಚ್‌ನ ಡೇಟಾಶೀಟ್‌ನಿಂದ ಆನ್ ವಿಳಂಬ, ಆಫ್ ವಿಳಂಬ, ಕರೆಂಟ್ ಇಳಿಯುವ ಸಮಯ ಬೇಕು. ಸ್ವಿಚ್‌ನ ಗೇಟನ್ನು ಓಡಿಸುವ ಚಿಪ್ಪಾದ ಗೇಟ್ ಡ್ರೈವರ್‌ನ ಡೇಟಾಶೀಟ್‌ನಿಂದ ಪ್ರಸರಣ ವಿಳಂಬದ ಗರಿಷ್ಠ ಮತ್ತು ಕನಿಷ್ಠ ಬೆಲೆ ಬೇಕು. ಡ್ರೈವರ್‌ನ ಹಿಂದೆ ಆಪ್ಟೋಕಪ್ಲರ್ (ಬೆಳಕಿನ ಮೂಲಕ ಸಂಕೇತ ದಾಟಿಸುವ ಚಿಪ್) ಇದ್ದರೆ ಅದರ ವಿಳಂಬವೂ ಸೇರಬೇಕು. ಆಪ್ಟೋಕಪ್ಲರ್‌ಗಳಲ್ಲಿ ಏರುವ ಅಂಚಿಗೂ ಇಳಿಯುವ ಅಂಚಿಗೂ ವಿಳಂಬ ಬೇರೆಬೇರೆ ಇರುತ್ತದೆ. ಒಂದು ತುಣುಕಿನಿಂದ ಇನ್ನೊಂದಕ್ಕೂ ವ್ಯತ್ಯಾಸವಿರುತ್ತದೆ.

ಡೇಟಾಶೀಟ್‌ನ ಮೊದಲ ಪುಟದ ಆಫ್ ವಿಳಂಬವನ್ನು ಹಾಗೆಯೇ ಎತ್ತಿಕೊಳ್ಳುವುದು ಇಲ್ಲಿನ ಸಾಮಾನ್ಯ ತಪ್ಪು. ಆ ಅಂಕಿ ಪೂರ್ಣ ಕರೆಂಟ್, 25 ಡಿಗ್ರಿ, ತಯಾರಕರು ಆರಿಸಿದ ಗೇಟ್ ರೆಸಿಸ್ಟರ್, ಇಷ್ಟಕ್ಕೆ ಮಾತ್ರ ಅನ್ವಯಿಸುತ್ತದೆ. ನಿಮ್ಮ ಬೋರ್ಡಿನಲ್ಲಿ ಅದು ಮೂರು ಕಾರಣಕ್ಕೆ ಹೆಚ್ಚಾಗುತ್ತದೆ.

ಮೊದಲನೆಯದು ಗೇಟ್ ರೆಸಿಸ್ಟರ್. 5 ಓಮ್ ಬದಲು 22 ಓಮ್ ಹಾಕಿದರೆ ಗೇಟ್ ಖಾಲಿಯಾಗಲು ಹೆಚ್ಚು ಹೊತ್ತು ಬೇಕು. ಎರಡನೆಯದು ಬಿಸಿ. ಐಜಿಬಿಟಿಗಳು ಬಿಸಿಯಾದಷ್ಟೂ ನಿಧಾನವಾಗಿ ಆಫ್ ಆಗುತ್ತವೆ. ಮೂರನೆಯದನ್ನು ಹಲವರು ಊಹಿಸಿರುವುದಿಲ್ಲ: ಕರೆಂಟ್ ಕಡಿಮೆಯಿದ್ದಾಗ ಆಫ್ ವಿಳಂಬ ಹೆಚ್ಚು. ಸಣ್ಣ ಕರೆಂಟಿಗೆ ಗೇಟ್‌ನ ಪ್ಲೇಟೋ ವೋಲ್ಟೇಜ್ (ಸ್ವಿಚಿಂಗ್ ನಡುವೆ ಗೇಟ್ ಸ್ವಲ್ಪ ಹೊತ್ತು ನಿಲ್ಲುವ ಮಟ್ಟ) ಕೆಳಗಿರುತ್ತದೆ. 15 ವೋಲ್ಟ್‌ನಿಂದ ಅಲ್ಲಿಯವರೆಗೆ ಇಳಿಯಲು ಗೇಟ್‌ಗೆ ಹೆಚ್ಚು ದೂರವಿದೆ. ಆದ್ದರಿಂದ ಪೂರ್ಣ ಕರೆಂಟ್ ಮಾತ್ರವಲ್ಲ, ಅದರ 1 ಶೇಕಡಾ ಇರುವಾಗಿನ ವಿಳಂಬವೂ ಲೆಕ್ಕಕ್ಕೆ ಬೇಕು. ಡೇಟಾಶೀಟ್‌ನಲ್ಲಿ ಕರೆಂಟಿಗೆ ಎದುರಾಗಿ ಸ್ವಿಚಿಂಗ್ ಸಮಯದ ಗ್ರಾಫ್ ಇದ್ದರೆ ಅದರ ಎಡ ತುದಿಯನ್ನು ನೋಡಿ. ಇಲ್ಲದಿದ್ದರೆ ಅಳೆಯದೆ ವಿಧಿಯಿಲ್ಲ.

ಆಫ್ ಮಾಡುವಾಗ ಗೇಟ್‌ಗೆ ಮೈನಸ್ 8 ವೋಲ್ಟ್ ಕೊಡುತ್ತೀರೋ ಅಥವಾ ಬರಿ ಸೊನ್ನೆಗೆ ಇಳಿಸುತ್ತೀರೋ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಸೊನ್ನೆಗೆ ಇಳಿಸಿದರೆ ಆಫ್ ಆಗುವುದು ನಿಧಾನ, ಡೆಡ್ ಟೈಮ್ ಹೆಚ್ಚು ಬೇಕು.

ಹಂತ 2: ಲೆಕ್ಕ

ಸೂತ್ರ ಸರಳ:

ಡೆಡ್ ಟೈಮ್ = 1.2 × (ಗರಿಷ್ಠ ಆಫ್ ವಿಳಂಬ − ಕನಿಷ್ಠ ಆನ್ ವಿಳಂಬ + ಡ್ರೈವರ್ ವಿಳಂಬದ ವ್ಯತ್ಯಾಸ)

ಒಂದು ಉದಾಹರಣೆ. ಐಜಿಬಿಟಿಯ ಆಫ್ ವಿಳಂಬ, ಕರೆಂಟ್ ಇಳಿಯುವ ಸಮಯವೂ ಸೇರಿ, ಬಿಸಿಯಲ್ಲಿ ಮತ್ತು ಸಣ್ಣ ಕರೆಂಟಿನಲ್ಲಿ 420 ನ್ಯಾನೋಸೆಕೆಂಡ್. ಕನಿಷ್ಠ ಆನ್ ವಿಳಂಬ 40. ಡ್ರೈವರ್‌ನ ವಿಳಂಬ 50 ರಿಂದ 120, ಅಂದರೆ ವ್ಯತ್ಯಾಸ 70. ಒಟ್ಟು 450, ಅದನ್ನು 1.2 ರಿಂದ ಗುಣಿಸಿದರೆ 540 ನ್ಯಾನೋಸೆಕೆಂಡ್. ಇದನ್ನು 600ಕ್ಕೆ ಏರಿಸಿಕೊಂಡು ಮುಂದಿನ ಹಂತಗಳಲ್ಲಿ ಇದೇ ಉದಾಹರಣೆಯನ್ನು ಹಿಡಿದು ಹೋಗೋಣ.

ಬಂದ ಉತ್ತರ ಹದದಲ್ಲಿದೆಯೇ ಎಂದು ನೋಡಲು ಒಂದು ಸ್ಥೂಲ ಅಂದಾಜು: ಆಪ್ಟೋಕಪ್ಲರ್ ಜತೆಗಿನ ಐಜಿಬಿಟಿ ಮಾಡ್ಯೂಲ್‌ಗಳಲ್ಲಿ 1 ರಿಂದ 3 ಮೈಕ್ರೋಸೆಕೆಂಡ್, 48 ವೋಲ್ಟ್ ಮಟ್ಟದ ಮಾಸ್‌ಫೆಟ್‌ಗಳಲ್ಲಿ 200 ರಿಂದ 500 ನ್ಯಾನೋಸೆಕೆಂಡ್, ಗ್ಯಾಲಿಯಂ ನೈಟ್ರೈಡ್ ಸ್ವಿಚ್‌ಗಳಲ್ಲಿ ಕೆಲವು ಹತ್ತು ನ್ಯಾನೋಸೆಕೆಂಡ್. ಈ ಕೊನೆಯ ಬಗೆಯವು ಆಫ್ ಇದ್ದಾಗ ಹಿಮ್ಮುಖವಾಗಿ ಕರೆಂಟ್ ಹರಿಸಿದರೆ ಸುಮಾರು 2 ವೋಲ್ಟ್ ಅಥವಾ ಇನ್ನೂ ಹೆಚ್ಚು ಕಳೆಯುತ್ತವೆ. ಅಲ್ಲಿ ಉದ್ದದ ಡೆಡ್ ಟೈಮ್ ಎಂದರೆ ನೇರವಾಗಿ ಶಾಖ.

ಡ್ರೈವರ್ ಯಾವುದೆಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಐಆರ್2110 ರಲ್ಲಿ ಎರಡು ಇನ್‌ಪುಟ್‌ಗಳೂ ಸ್ವತಂತ್ರ, ಒಳಗೆ ಡೆಡ್ ಟೈಮ್ ಇಲ್ಲ. ಎರಡನ್ನೂ ಹೈ ಮಾಡಿದರೆ ಅದು ತಡೆಯುವುದಿಲ್ಲ. ಐಆರ್2104 ಕ್ಕೆ ಒಂದೇ ಇನ್‌ಪುಟ್, ಸಾಮಾನ್ಯವಾಗಿ 520 ನ್ಯಾನೋಸೆಕೆಂಡ್ ಡೆಡ್ ಟೈಮನ್ನು ಅದೇ ಹಾಕಿಕೊಳ್ಳುತ್ತದೆ, ನೀವು ಕಡಿಮೆ ಮಾಡಲಾಗದು. ಎರಡು ಇನ್‌ಪುಟ್ ಇದ್ದು ಒಳಗೂ ಡೆಡ್ ಟೈಮ್ ಇರುವ ಡ್ರೈವರ್‌ಗಳಲ್ಲಿ ಮೈಕ್ರೋಕಂಟ್ರೋಲರ್‌ನದೂ ಡ್ರೈವರ್‌ನದೂ ಸಾಮಾನ್ಯವಾಗಿ ಕೂಡುವುದಿಲ್ಲ. ಎರಡರಲ್ಲಿ ದೊಡ್ಡದು ಗೆಲ್ಲುತ್ತದೆ. ಸರಿದೂಗಿಸುವ ಲೆಕ್ಕಕ್ಕೆ ಆ ದೊಡ್ಡದನ್ನೇ ತೆಗೆದುಕೊಳ್ಳಬೇಕು.

ಹಂತ 3: ಟೈಮರ್‌ಗೆ ಬರೆಯುವುದು

ಎಸ್‌ಟಿಎಂ32 ಮೈಕ್ರೋಕಂಟ್ರೋಲರ್‌ನ ಟೈಮರ್ 1 ಅನ್ನು 72 ಮೆಗಾಹರ್ಟ್ಸ್‌ನಲ್ಲಿ ಓಡಿಸುತ್ತಿದ್ದೀರಿ ಎಂದುಕೊಳ್ಳಿ. ಏರಿ ಇಳಿಯುವ ಎಣಿಕೆಯಲ್ಲಿ, ಅಂದರೆ ಸೆಂಟರ್-ಅಲೈನ್ಡ್ ಮೋಡ್‌ನಲ್ಲಿ, 16 ಕಿಲೋಹರ್ಟ್ಸ್ ಪಿಡಬ್ಲ್ಯೂಎಂ (ಪಲ್ಸ್‌ನ ಅಗಲ ಬದಲಿಸಿ ಸರಾಸರಿ ವೋಲ್ಟೇಜ್ ನಿಯಂತ್ರಿಸುವ ವಿಧಾನ) ಬೇಕಾದರೆ ಎಣಿಕೆಯ ಶಿಖರ 72,000,000 ಭಾಗಿಸು 32,000, ಅಂದರೆ 2250. ಅವಧಿ 62.5 ಮೈಕ್ರೋಸೆಕೆಂಡ್. ಒಂದು ಟಿಕ್ 13.89 ನ್ಯಾನೋಸೆಕೆಂಡ್.

600 ನ್ಯಾನೋಸೆಕೆಂಡಿಗೆ 43.2 ಟಿಕ್. ಯಾವಾಗಲೂ ಮೇಲಕ್ಕೇ ಏರಿಸಿ: 44 ಟಿಕ್, 611 ನ್ಯಾನೋಸೆಕೆಂಡ್.

ಡೆಡ್ ಟೈಮ್ ಹೋಗುವುದು ಬಿಡಿಟಿಆರ್ ರಿಜಿಸ್ಟರ್‌ನ ಕೊನೆಯ 8 ಬಿಟ್‌ಗಳಿಗೆ. 127 ಟಿಕ್‌ವರೆಗೆ ಬೆಲೆಯನ್ನು ನೇರವಾಗಿ ಬರೆಯಬಹುದು, ನಮ್ಮ 44 ಸಲೀಸಾಗಿ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಸಂಕೇತ ಬದಲಾಗುತ್ತದೆ, ತಪ್ಪಾಗುವುದು ಇಲ್ಲೇ. ಮೊದಲ ಎರಡು ಬಿಟ್ 10 ಇದ್ದರೆ ಉಳಿದ ಆರು ಬಿಟ್‌ನ ಬೆಲೆಗೆ 64 ಕೂಡಿಸಿ 2 ರಿಂದ ಗುಣಿಸಿದಷ್ಟು ಟಿಕ್. ಮೊದಲ ಮೂರು ಬಿಟ್ 110 ಇದ್ದರೆ ಉಳಿದ ಐದು ಬಿಟ್‌ಗೆ 32 ಕೂಡಿಸಿ 8 ರಿಂದ ಗುಣಿಸಬೇಕು. 111 ಇದ್ದರೆ 32 ಕೂಡಿಸಿ 16 ರಿಂದ.

2 ಮೈಕ್ರೋಸೆಕೆಂಡ್ ಬೇಕೆಂದರೆ 144 ಟಿಕ್. ನೇರವಾಗಿ 144 ಎಂದು ಬರೆದರೆ ಟೈಮರ್ ಅದನ್ನು 160 ಟಿಕ್ ಎಂದು ಓದಿಕೊಳ್ಳುತ್ತದೆ. ಸರಿಯಾದ ಬೆಲೆ 10001000, ದಶಮಾನದಲ್ಲಿ 136. 200 ಟಿಕ್ ಬೇಕಾದಾಗ 200 ಎಂದೇ ಬರೆದರೆ ಸಿಗುವುದು 320 ಟಿಕ್, ಬರೆಯಬೇಕಾದದ್ದು 164. ತಪ್ಪು ಹೆಚ್ಚಿನ ಕಡೆಗೇ ಆಗುವುದರಿಂದ ಏನೂ ಸುಡುವುದಿಲ್ಲ, ಹಾಗಾಗಿ ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂತಿರಬಲ್ಲದು. ಬರೆದ ಬೆಲೆಯನ್ನು ನಂಬದೆ ಪಿನ್‌ನಲ್ಲೇ ಅಳೆಯಿರಿ.

ಇದೇ ಹಂತದಲ್ಲಿ ಮುಗಿಸಬೇಕಾದ ಇನ್ನೂ ಕೆಲವು ಕೆಲಸಗಳಿವೆ. ಪಲ್ಸ್‌ನ ಅಗಲ ನಿರ್ಧರಿಸುವ ಕಂಪೇರ್ ರಿಜಿಸ್ಟರ್‌ಗಳಿಗೆ ಪ್ರೀಲೋಡ್ (ಹೊಸ ಬೆಲೆಯನ್ನು ಅವಧಿ ಮುಗಿಯುವವರೆಗೆ ತಡೆದಿಡುವುದು) ಆನ್ ಮಾಡಿ. ಇಲ್ಲದಿದ್ದರೆ ಅವಧಿಯ ನಡುವೆ ಹೊಸ ಬೆಲೆ ಬಿದ್ದು ಪಲ್ಸ್ ತುಂಡಾಗುತ್ತದೆ. ಡಿಬಗರ್ ಪ್ರೋಗ್ರಾಂ ನಿಲ್ಲಿಸಿದಾಗ ಟೈಮರ್ ಕೂಡ ನಿಂತು ಔಟ್‌ಪುಟ್‌ಗಳು ಆಫ್ ಸ್ಥಿತಿಗೆ ಹೋಗುವಂತೆ ಮಾಡಿ. ಕೋಡ್ ನಿಂತು ಪಿಡಬ್ಲ್ಯೂಎಂ ಹಳೆಯ ಬೆಲೆಯಲ್ಲೇ ಓಡುತ್ತಿದ್ದರೆ, ಅಥವಾ ಟೈಮರ್ ನಿಂತು ಒಂದು ಸ್ವಿಚ್ ಆನ್ ಆಗಿಯೇ ಉಳಿದರೆ, ಮೋಟಾರ್ ಸುರುಳಿಯಲ್ಲಿ ಡಿಸಿ ಕರೆಂಟ್ ಏರುತ್ತಲೇ ಹೋಗುತ್ತದೆ. ರೀಸೆಟ್ ಹೊತ್ತಿನಲ್ಲಿ ಪಿನ್‌ಗಳು ತೇಲುತ್ತಿರುತ್ತವೆ, ಆದ್ದರಿಂದ ಡ್ರೈವರ್‌ನ ಪ್ರತಿ ಇನ್‌ಪುಟ್‌ಗೆ 10 ಕಿಲೋ-ಓಮ್ ಪುಲ್-ಡೌನ್ ಇರಲಿ. ಎಲ್ಲ ಸರಿಯಾದ ಮೇಲೆ ರಿಜಿಸ್ಟರ್‌ನ ಲಾಕ್ ಬಿಟ್‌ಗಳನ್ನು ಹಾಕಿಬಿಡಿ. ಆಮೇಲೆ ದಾರಿ ತಪ್ಪಿದ ಕೋಡ್ ಕೂಡ ಮುಂದಿನ ರೀಸೆಟ್‌ವರೆಗೆ ಡೆಡ್ ಟೈಮನ್ನು ಬದಲಿಸಲಾರದು.

ಹಂತ 4: ಗೇಟ್ ಸರ್ಕ್ಯೂಟ್

ಆನ್ ಆಗುವುದು ನಿಧಾನ, ಆಫ್ ಆಗುವುದು ಚುರುಕು. ಗೇಟ್ ಸರ್ಕ್ಯೂಟ್ ಹೀಗಿರಬೇಕು. ಆನ್ ದಾರಿಯಲ್ಲಿ 10 ರಿಂದ 22 ಓಮ್, ಆಫ್ ದಾರಿಯಲ್ಲಿ ಡಯೋಡ್ ಜತೆ 2 ರಿಂದ 5 ಓಮ್ ಎಂಬುದು ಒಳ್ಳೆಯ ಆರಂಭ. ಆಫ್ ವಿಳಂಬ ಕಡಿಮೆಯಾದಷ್ಟೂ ಬೇಕಾಗುವ ಡೆಡ್ ಟೈಮ್ ಕಡಿಮೆ. ಆದರೆ ಆಫ್ ರೆಸಿಸ್ಟರ್ ತೀರಾ ಚಿಕ್ಕದಾದರೆ ಬಸ್‌ನ ಇಂಡಕ್ಟೆನ್ಸ್‌ನಿಂದ ವೋಲ್ಟೇಜ್ ಚಿಮ್ಮಿ ಸ್ವಿಚ್‌ನ ಮಿತಿ ಮುಟ್ಟಬಹುದು. ಅದನ್ನು ಸ್ಕೋಪ್‌ನಲ್ಲಿ ನೋಡಿಯೇ ನಿರ್ಧರಿಸಬೇಕು. ಮುಂದೆ ಎಂದಾದರೂ ಗೇಟ್ ರೆಸಿಸ್ಟರ್ ಬದಲಿಸಿದರೆ ಹಂತ 1 ಕ್ಕೆ ಮರಳಬೇಕು ಎಂಬುದನ್ನು ಬೋರ್ಡಿನ ದಾಖಲೆಯಲ್ಲೇ ಬರೆದಿಡಿ. ಶಬ್ದ ತಗ್ಗಿಸಲೆಂದು ರೆಸಿಸ್ಟರ್ ಏರಿಸಿ, ಡೆಡ್ ಟೈಮ್ ಮುಟ್ಟದೆ ಬಿಟ್ಟಿದ್ದರಿಂದ ಸುಟ್ಟ ಲೆಗ್‌ಗಳು ಬಹಳ.

ಹೈ-ಸೈಡ್‌ಗೆ ಬೂಟ್‌ಸ್ಟ್ರಾಪ್ (ಹೈ-ಸೈಡ್ ಗೇಟ್‌ಗೆ ಬೇಕಾದ ವಿದ್ಯುತ್ತನ್ನು ಕೆಪಾಸಿಟರ್‌ನಿಂದ ಕೊಡುವ ಏರ್ಪಾಡು) ಇದ್ದರೆ ಅದರ ಕೆಪಾಸಿಟರ್ ತುಂಬುವುದು ಲೋ-ಸೈಡ್ ಆನ್ ಇದ್ದಾಗ. ಗೇಟ್ ಚಾರ್ಜ್ 100 ನ್ಯಾನೋಕೂಲಂಬ್, ಸಹಿಸಬಹುದಾದ ಇಳಿಕೆ ಅರ್ಧ ವೋಲ್ಟ್ ಎಂದರೆ ಕನಿಷ್ಠ 0.2 ಮೈಕ್ರೋಫ್ಯಾರಡ್ ಬೇಕು. ಸೋರಿಕೆಯನ್ನೂ ಡ್ರೈವರ್‌ನ ಸ್ವಂತ ಬಳಕೆಯನ್ನೂ ಸೇರಿಸಿ 1 ಮೈಕ್ರೋಫ್ಯಾರಡ್ ಹಾಕಿ. ಮೋಟಾರ್ ಶುರು ಮಾಡುವ ಮೊದಲು ಮೂರೂ ಲೋ-ಸೈಡ್‌ಗಳನ್ನು ಕೆಲವು ಮಿಲಿಸೆಕೆಂಡ್ ಸಣ್ಣ ಪಲ್ಸ್‌ಗಳಿಂದ ಓಡಿಸಿ ಕೆಪಾಸಿಟರ್ ತುಂಬಿಕೊಳ್ಳಿ. ಇದನ್ನು ಬಿಟ್ಟರೆ ಮೊದಲ ಕೆಲವು ಪಲ್ಸ್‌ಗಳಲ್ಲಿ ಹೈ-ಸೈಡ್ ಅರೆಬರೆ ಆನ್ ಆಗಿ ಬಿಸಿಯಾಗುತ್ತದೆ. ಮೋಟಾರ್ ಆಗಲೇ ತಿರುಗುತ್ತಿದ್ದರೆ ಮಾತ್ರ ಈ ಪಲ್ಸ್‌ಗಳನ್ನು ಬಹಳ ಕಿರಿದಾಗಿಡಿ. ಮೂರೂ ಲೋ-ಸೈಡ್ ಒಟ್ಟಿಗೆ ಆನ್ ಎಂದರೆ ಮೋಟಾರ್‌ಗೆ ಬ್ರೇಕ್.

ಹಂತ 5: ಮೊದಲ ವಿದ್ಯುತ್, ಮೊದಲ ಅಳತೆ

ಮೊದಲು ಬಸ್‌ಗೆ ವಿದ್ಯುತ್ ಕೊಡದೆ, ಡ್ರೈವರ್‌ಗೆ ಮಾತ್ರ 15 ವೋಲ್ಟ್ ಕೊಟ್ಟು ಆರೂ ಗೇಟ್‌ಗಳನ್ನು ನೋಡಿ. ಬಸ್ ಇಲ್ಲದಿದ್ದರೂ ಬೂಟ್‌ಸ್ಟ್ರಾಪ್ ತುಂಬುತ್ತದೆ. ಜೋಡಿ ಗೇಟ್‌ಗಳ ಪೊಲಾರಿಟಿ ಉಲ್ಟಾ ಆಗಿದ್ದರೆ ಇಲ್ಲೇ ಕಾಣುತ್ತದೆ: ಡೆಡ್ ಟೈಮ್‌ನ ಜಾಗದಲ್ಲಿ ಎರಡೂ ಹೈ ಇರುತ್ತವೆ.

ಆಮೇಲೆ ಕರೆಂಟ್ ಮಿತಿ ಇರುವ ಪವರ್ ಸಪ್ಲೈಯಿಂದ 24 ವೋಲ್ಟ್, ಅರ್ಧ ಆಂಪಿಯರ್ ಮಿತಿ. ಮೋಟಾರ್ ಜೋಡಿಸದೆ ಮೂರೂ ಲೆಗ್‌ಗಳನ್ನು 50 ಶೇಕಡಾ ಡ್ಯೂಟಿಯಲ್ಲಿ (ಅವಧಿಯ ಅರ್ಧ ಹೊತ್ತು ಹೈ-ಸೈಡ್ ಆನ್) ಓಡಿಸಿ. ಬಸ್‌ನಿಂದ ಹರಿಯುವ ಕರೆಂಟ್ ಕೆಲವೇ ಮಿಲಿಆಂಪಿಯರ್ ಇರಬೇಕು. ಪಿಡಬ್ಲ್ಯೂಎಂ ಆವರ್ತನ ದ್ವಿಗುಣ ಮಾಡಿದಾಗ ಕರೆಂಟ್ ಸ್ವಲ್ಪ ಏರುವುದು ಸಹಜ, ಸ್ವಿಚ್‌ನ ಸ್ವಂತ ಕೆಪಾಸಿಟೆನ್ಸ್ ತುಂಬಿ ಖಾಲಿಯಾಗುತ್ತದೆ. ನೂರಾರು ಮಿಲಿಆಂಪಿಯರ್ ಕಂಡರೆ ನಿಲ್ಲಿಸಿ, ಶೂಟ್-ಥ್ರೂ ಆಗುತ್ತಿದೆ.

ಅಳೆಯುವ ರೀತಿ ಮುಖ್ಯ. ಹೈ-ಸೈಡ್ ಗೇಟ್‌ಗೆ ಡಿಫರೆನ್ಷಿಯಲ್ ಪ್ರೋಬ್ ಬೇಕೇ ಬೇಕು. ಸಾಮಾನ್ಯ ಪ್ರೋಬ್‌ನ ಗ್ರೌಂಡ್ ಕ್ಲಿಪ್ಪನ್ನು ಫೇಸ್ ತುದಿಗೆ ಹಚ್ಚಿದರೆ ಸ್ಕೋಪ್‌ನ ಅರ್ತ್ ಮೂಲಕ ಬಸ್ ಶಾರ್ಟ್ ಆಗುತ್ತದೆ, ಸ್ಕೋಪ್, ಬೋರ್ಡ್ ಎರಡೂ ಹೋಗಬಹುದು. ಸ್ಕೋಪ್‌ನ ಅರ್ತ್ ಕಿತ್ತು ಅಳೆಯುವ ಹುಂಬತನವಂತೂ ಬೇಡವೇ ಬೇಡ. ಆಗ ಸ್ಕೋಪ್‌ನ ಲೋಹದ ಮೈಯೇ ಬಸ್ ವೋಲ್ಟೇಜ್‌ಗೆ ಏರುತ್ತದೆ, ಮುಟ್ಟಿದವರ ಜೀವಕ್ಕೆ ಅಪಾಯ. ಲೋ-ಸೈಡ್ ಅಳೆಯುವಾಗ ಉದ್ದ ಗ್ರೌಂಡ್ ತಂತಿಯ ಬದಲು ಪ್ರೋಬ್ ತುದಿಯ ಸ್ಪ್ರಿಂಗ್ ಬಳಸಿ, ಸ್ವಿಚ್‌ನ ಕಾಲುಗಳ ಮೇಲೇ ಇಡಿ. ಎರಡು ಬಗೆಯ ಪ್ರೋಬ್‌ಗಳ ಸ್ವಂತ ವಿಳಂಬ ಬೇರೆ ಇರುತ್ತದೆ: ಮೊದಲು ಎರಡನ್ನೂ ಒಂದೇ ಗೇಟ್‌ಗೆ ಹಚ್ಚಿ, ಅಂತರವನ್ನು ಸ್ಕೋಪ್‌ನಲ್ಲಿ ಸರಿಪಡಿಸಿಕೊಳ್ಳಿ.

ಅಳೆಯಬೇಕಾದದ್ದು ಒಂದು ಗೇಟ್ ಅದರ ಕನಿಷ್ಠ ಥ್ರೆಶೋಲ್ಡ್‌ಗಿಂತ (ಸ್ವಿಚ್ ಆನ್ ಆಗತೊಡಗುವ ವೋಲ್ಟೇಜ್‌ಗಿಂತ) ಕೆಳಗೆ ಇಳಿದ ಕ್ಷಣದಿಂದ ಇನ್ನೊಂದು ಗೇಟ್ ಅದೇ ಮಟ್ಟವನ್ನು ದಾಟಿ ಏರುವ ಕ್ಷಣದವರೆಗೆ. ಇದು ಯಾವ ಸ್ಥಿತಿಯಲ್ಲೂ ಸೊನ್ನೆಯಾಗಬಾರದು. ತಣ್ಣಗಿರುವಾಗ, ಬಿಸಿಯಾದಾಗ, ಪೂರ್ಣ ಕರೆಂಟ್, ಸಣ್ಣ ಕರೆಂಟ್, ಕರೆಂಟ್ ಲೆಗ್‌ನಿಂದ ಮೋಟಾರ್‌ಗೆ ಹೊರಹೋಗುವಾಗ, ಮೋಟಾರ್‌ನಿಂದ ಒಳಬರುವಾಗ, ಹೀಗೆ ಎಲ್ಲದರಲ್ಲೂ ನೋಡಿ. ಬಸ್ ವೋಲ್ಟೇಜನ್ನು ಹಂತಹಂತವಾಗಿ ಏರಿಸಿ: 24, 60, 150, 300, ಆಮೇಲೆ ಪೂರ್ಣ.

ಡೆಡ್ ಟೈಮ್ ಏರಿಸಿದರೂ ಹೋಗದ ಶೂಟ್-ಥ್ರೂ

ಇದನ್ನು ಬೇರೆಯಾಗಿಯೇ ಹೇಳಬೇಕು. ಬಸ್ ಕರೆಂಟಿನಲ್ಲಿ ಪ್ರತಿ ಸ್ವಿಚಿಂಗ್‌ನಲ್ಲೂ ಚೂಪಾದ ಮುಳ್ಳು ಕಾಣುತ್ತದೆ, ಡೆಡ್ ಟೈಮ್ ದ್ವಿಗುಣ ಮಾಡುತ್ತೀರಿ, ಮುಳ್ಳು ಹಾಗೇ ಇದೆ. ಹಾಗಾದರೆ ಕಾರಣ ಸಮಯವಲ್ಲ. ಒಂದು ಸ್ವಿಚ್ ರಭಸದಿಂದ ಆನ್ ಆದಾಗ ಫೇಸ್ ವೋಲ್ಟೇಜ್ ಜಿಗಿಯುತ್ತದೆ. ಆ ಜಿಗಿತ ಆಫ್ ಇರುವ ಸ್ವಿಚ್‌ನ ಗೇಟ್-ಡ್ರೈನ್ ಕೆಪಾಸಿಟೆನ್ಸ್ ಮೂಲಕ ಗೇಟ್‌ಗೆ ಕರೆಂಟ್ ತಳ್ಳಿ, ಅದನ್ನು ಕ್ಷಣಮಾತ್ರ ಎಬ್ಬಿಸುತ್ತದೆ. ಆಫ್ ಇರಬೇಕಾದ ಗೇಟ್‌ನಲ್ಲಿ 2-3 ವೋಲ್ಟ್‌ನ ಗುಬುಟು ಕಂಡರೆ ಇದೇ. ಔಷಧ: ಆನ್ ರೆಸಿಸ್ಟರ್ ಏರಿಸುವುದು, ಆಫ್ ರೆಸಿಸ್ಟರ್ ಇಳಿಸುವುದು, ಗೇಟ್ ದಾರಿಯನ್ನು ಗಿಡ್ಡ ಮಾಡುವುದು, ಮಿಲ್ಲರ್ ಕ್ಲ್ಯಾಂಪ್ (ಆಫ್ ಇರುವ ಗೇಟನ್ನು ಕೆಳಗೇ ಹಿಡಿದಿಡುವ ಸರ್ಕ್ಯೂಟ್) ಇರುವ ಡ್ರೈವರ್, ಅಥವಾ ಆಫ್‌ಗೆ ಮೈನಸ್ ವೋಲ್ಟೇಜ್.

ಗೇಟ್ ಶಾಂತವಾಗಿದ್ದೂ ಮುಳ್ಳು ಇದ್ದರೆ ಅದು ಪ್ರತಿ ಸ್ವಿಚ್‌ಗೆ ಅಡ್ಡಲಾಗಿರುವ ಡಯೋಡ್‌ನ ರಿವರ್ಸ್ ರಿಕವರಿ (ಡಯೋಡ್ ಆಫ್ ಆಗುವಾಗ ಕ್ಷಣಕಾಲ ಹಿಮ್ಮುಖವಾಗಿ ಹರಿಯುವ ಕರೆಂಟ್). ಅದಕ್ಕೂ ಡೆಡ್ ಟೈಮ್ ಮದ್ದಲ್ಲ, ಆನ್ ವೇಗ ತಗ್ಗಿಸಬೇಕು ಅಥವಾ ಡಯೋಡ್ ಬದಲಿಸಬೇಕು. ಡೆಡ್ ಟೈಮ್ ಸ್ವಲ್ಪ ಏರಿಸಿದಾಗ ಮುಳ್ಳು ಗಿಡ್ಡವಾಗುತ್ತ ಬಂದರೆ ಮಾತ್ರ ನಿಜಕ್ಕೂ ಸಮಯ ಸಾಲುತ್ತಿರಲಿಲ್ಲ ಎಂದರ್ಥ.

ಹಂತ 6: ಕರೆಂಟ್ ಓದುವ ಕ್ಷಣ

ಲೋ-ಸೈಡ್ ಶಂಟ್‌ನಿಂದ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್‌ನಿಂದ) ಕರೆಂಟ್ ಓದುವವರು ಲೋ-ಸೈಡ್ ಆನ್ ಇರುವ ಕಿಟಕಿಯ ನಡುಮಧ್ಯೆ ಓದಬೇಕು. ಅಲ್ಲಿ ರಿಪಲ್, ಅಂದರೆ ಸ್ವಿಚಿಂಗ್‌ನಿಂದಾಗುವ ಕರೆಂಟಿನ ಏರಿಳಿತ, ಸರಾಸರಿಯನ್ನು ದಾಟುತ್ತಿರುತ್ತದೆ, ಸ್ವಿಚಿಂಗ್‌ನ ಗದ್ದಲವೂ ದೂರ. ಎಣಿಕೆಯ ಶಿಖರವೇ ಆ ನಡು ಎಂದು ಪಠ್ಯಗಳು ಹೇಳುತ್ತವೆ. ನಿಜಕ್ಕೂ ಅದು ಸ್ವಲ್ಪ ಆಚೆಗಿದೆ. ಟೈಮರ್ ಡೆಡ್ ಟೈಮನ್ನು ಆನ್ ಆಗುವ ಅಂಚಿಗೆ ಮಾತ್ರ ಸೇರಿಸುತ್ತದೆ. ಕರೆಂಟ್ ಹೊರಹೋಗುತ್ತಿದ್ದರೆ ಫೇಸ್ ವೋಲ್ಟೇಜ್ ಏರುವುದು ತಡವಾಗುತ್ತದೆ, ಒಳಬರುತ್ತಿದ್ದರೆ ಇಳಿಯುವುದು ತಡವಾಗುತ್ತದೆ. ಎರಡರಲ್ಲೂ ಪಲ್ಸ್‌ನ ನಡು ಅರ್ಧ ಡೆಡ್ ಟೈಮ್‌ನಷ್ಟು ಹಿಂದೆ ಬೀಳುತ್ತದೆ. ಅದರ ಮೇಲೆ ಡ್ರೈವರ್‌ನ ವಿಳಂಬ. ಡೆಡ್ ಟೈಮ್ 1 ಮೈಕ್ರೋಸೆಕೆಂಡ್, ಡ್ರೈವರ್ 150 ನ್ಯಾನೋಸೆಕೆಂಡ್ ಇದ್ದರೆ 650 ನ್ಯಾನೋಸೆಕೆಂಡ್, ಅಂದರೆ 47 ಟಿಕ್ ತಡವಾಗಿ ಓದಬೇಕು. ನಾಲ್ಕನೆಯ ಚಾನೆಲ್‌ನ ಕಂಪೇರ್ ಬೆಲೆಯನ್ನು 2250 ಕ್ಕಿಂತ 47 ಕಡಿಮೆ, 2203 ಮಾಡಿ, ಎಣಿಕೆ ಇಳಿಯುವಾಗ ಮಾತ್ರ ಎಡಿಸಿಯನ್ನು (ವೋಲ್ಟೇಜನ್ನು ಅಂಕಿಯಾಗಿಸುವ ಘಟಕವನ್ನು) ಎಬ್ಬಿಸುವಂತೆ ಅಂಚು ಆರಿಸಿ. ರಿಪಲ್ ಕಡಿಮೆ ಇರುವ ದೊಡ್ಡ ಇಂಡಕ್ಟೆನ್ಸ್‌ನ ಮೋಟಾರ್‌ಗೆ ಇದು ಗೌಣ, ಕೆಲವು ಹತ್ತು ಮೈಕ್ರೋಹೆನ್ರಿಯ ಚಿಕ್ಕ ಮೋಟಾರ್‌ಗಳಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಮಾಡುತ್ತದೆ.

ಕಿಟಕಿಗೆ ಕನಿಷ್ಠ ಅಗಲ ಬೇಕು. 1 ಮೈಕ್ರೋಸೆಕೆಂಡ್ ಡೆಡ್ ಟೈಮ್, ಆಂಪ್ಲಿಫೈಯರ್ ನೆಲೆಗೊಳ್ಳಲು 1.5 ಎಂದರೆ ನಡುವಿನಿಂದ ಒಂದು ಬದಿಗೆ 2.5, ಒಟ್ಟು 5 ಮೈಕ್ರೋಸೆಕೆಂಡ್. 62.5 ರಲ್ಲಿ ಇದು 8 ಶೇಕಡಾ. ಹಾಗಾಗಿ ಡ್ಯೂಟಿ 92 ಶೇಕಡಾ ದಾಟಿದ ಲೆಗ್‌ನ ಕರೆಂಟನ್ನು ನಂಬುವಂತಿಲ್ಲ. ಮೂರೂ ಲೆಗ್‌ಗೆ ಶಂಟ್ ಇದ್ದರೆ ಡ್ಯೂಟಿ ಕಡಿಮೆ ಇರುವ ಎರಡನ್ನು ಓದಿ, ಮೂರನೆಯದನ್ನು ಮೊತ್ತ ಸೊನ್ನೆ ಎಂಬ ನಿಯಮದಿಂದ ಪಡೆಯಿರಿ.

ಓದಿದ್ದಕ್ಕೂ ಅದರ ಫಲ ಮೋಟಾರ್ ತಲುಪುವುದಕ್ಕೂ ನಡುವೆ ಸುಮಾರು ಒಂದೂವರೆ ಅವಧಿ ಕಳೆಯುತ್ತದೆ: ಲೆಕ್ಕಕ್ಕೆ ಒಂದು, ಪಲ್ಸ್‌ನ ಸರಾಸರಿಗೆ ಅರ್ಧ. 4 ಪೋಲ್-ಜೋಡಿಯ ಮೋಟಾರ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ವಿದ್ಯುತ್ ಆವರ್ತನ 400 ಹರ್ಟ್ಸ್. 93.75 ಮೈಕ್ರೋಸೆಕೆಂಡಿನಲ್ಲಿ ಅದು 13.5 ಡಿಗ್ರಿ ಮುಂದೆ ಹೋಗಿರುತ್ತದೆ. ವೋಲ್ಟೇಜನ್ನು ಮೂರು ಫೇಸ್‌ಗೆ ತಿರುಗಿಸುವಾಗ ಕೋನಕ್ಕೆ ಇದನ್ನು ಕೂಡಿಸಿ.

ಹಂತ 7: ಕಳೆದ ವೋಲ್ಟೇಜನ್ನು ಮರಳಿ ಕೊಡುವುದು

ಎರಡೂ ಸ್ವಿಚ್ ಆಫ್ ಇರುವಾಗ ಫೇಸ್ ವೋಲ್ಟೇಜನ್ನು ನಿರ್ಧರಿಸುವುದು ಕರೆಂಟಿನ ದಿಕ್ಕು. ಹೊರಹೋಗುವ ಕರೆಂಟ್ ಕೆಳಗಿನ ಡಯೋಡ್ ಹಿಡಿಯುತ್ತದೆ, ವೋಲ್ಟೇಜ್ ಕಳೆಯುತ್ತದೆ. ಒಳಬರುವ ಕರೆಂಟ್ ಮೇಲಿನ ಡಯೋಡ್ ಹಿಡಿಯುತ್ತದೆ, ವೋಲ್ಟೇಜ್ ಕೂಡುತ್ತದೆ. ದೋಷದ ಗಾತ್ರ: ಬಸ್ ವೋಲ್ಟೇಜ್ × ಡೆಡ್ ಟೈಮ್ × ಪಿಡಬ್ಲ್ಯೂಎಂ ಆವರ್ತನ. ನಮ್ಮ ಉದಾಹರಣೆಯಲ್ಲಿ 560 × 611 ನ್ಯಾನೋಸೆಕೆಂಡ್ × 16 ಕಿಲೋಹರ್ಟ್ಸ್, ಸುಮಾರು 5.5 ವೋಲ್ಟ್. ಇದು ಕರೆಂಟಿನ ದಿಕ್ಕಿನೊಡನೆ ಮಗುಚುವ ಚೌಕ ತರಂಗ. ಅದರ ಮೂಲ ಘಟಕ 4 ಭಾಗಿಸು ಪೈ ಪಟ್ಟು, ಅಂದರೆ ಸುಮಾರು 7 ವೋಲ್ಟ್. ಉಳಿದದ್ದು 5 ಮತ್ತು 7 ನೆಯ ಹಾರ್ಮೋನಿಕ್ ಆಗಿ, ಟಾರ್ಕ್‌ನಲ್ಲಿ ವಿದ್ಯುತ್ ಆವರ್ತನದ 6 ಪಟ್ಟಿನ ಕಂಪನವಾಗಿ ಕಾಣುತ್ತದೆ.

ಇದು ಸಣ್ಣದೆನಿಸಿದರೆ ಹೀಗೆ ನೋಡಿ. 400 ವೋಲ್ಟ್, 50 ಹರ್ಟ್ಸ್ ಇಂಡಕ್ಷನ್ ಮೋಟಾರನ್ನು 2 ಹರ್ಟ್ಸ್‌ನಲ್ಲಿ ಓಡಿಸಲು ವೋಲ್ಟೇಜ್-ಆವರ್ತನ ಅನುಪಾತದಂತೆ ಕೊಡಬೇಕಾದ ಫೇಸ್ ವೋಲ್ಟೇಜ್‌ನ ತುದಿ ಸುಮಾರು 13 ವೋಲ್ಟ್. ಅದರಲ್ಲಿ 7 ದೋಷಕ್ಕೇ ಹೋಯಿತು. ಡೆಡ್ ಟೈಮ್ 2 ಮೈಕ್ರೋಸೆಕೆಂಡ್, ಆವರ್ತನ 10 ಕಿಲೋಹರ್ಟ್ಸ್ ಇದ್ದಿದ್ದರೆ ದೋಷದ ಮೂಲ ಘಟಕವೇ 14 ವೋಲ್ಟ್ ದಾಟುತ್ತದೆ, ಕೇಳಿದ ವೋಲ್ಟೇಜ್‌ಗಿಂತ ಹೆಚ್ಚು. 48 ವೋಲ್ಟ್‌ನಲ್ಲೂ ತಪ್ಪಿದ್ದಲ್ಲ: 300 ನ್ಯಾನೋಸೆಕೆಂಡ್, 20 ಕಿಲೋಹರ್ಟ್ಸ್‌ಗೆ 0.29 ವೋಲ್ಟ್. ಫೇಸ್ ರೆಸಿಸ್ಟೆನ್ಸ್ 50 ಮಿಲಿ-ಓಮ್ ಇರುವ ಮೋಟಾರ್‌ಗೆ ಅದು ಸುಮಾರು 6 ಆಂಪಿಯರ್‌ಗೆ ಸಮ.

ಸರಿದೂಗಿಸಲು ಪ್ರತಿ ಫೇಸ್‌ನ ಕಂಪೇರ್ ಬೆಲೆಗೆ ಕರೆಂಟ್ ಹೊರಹೋಗುವಾಗ ಒಂದಿಷ್ಟು ಕೂಡಿಸಿ, ಒಳಬರುವಾಗ ಅಷ್ಟೇ ಕಳೆಯಿರಿ. ಸೆಂಟರ್-ಅಲೈನ್ಡ್ ಎಣಿಕೆಯಲ್ಲಿ ಕಂಪೇರ್ ಬೆಲೆ 1 ಏರಿದರೆ ಪಲ್ಸ್ 2 ಟಿಕ್ ಅಗಲವಾಗುತ್ತದೆ. ಹಾಗಾಗಿ 44 ಟಿಕ್‌ನ ಡೆಡ್ ಟೈಮಿಗೆ ಕೂಡಿಸಬೇಕಾದದ್ದು 22. ಇಲ್ಲಿ 44 ಹಾಕಿದರೆ ದೋಷ ಹೋಗುವ ಬದಲು ಉಲ್ಟಾ ದಿಕ್ಕಿನಲ್ಲಿ ಅಷ್ಟೇ ದೊಡ್ಡದಾಗುತ್ತದೆ. ನಿಜವಾದ ನಷ್ಟ ಡೆಡ್ ಟೈಮಿಗೆ ಆನ್ ವಿಳಂಬ ಕೂಡಿಸಿ ಆಫ್ ವಿಳಂಬ ಕಳೆದಷ್ಟು, ಎಂದರೆ 22 ಕ್ಕೂ ಕಡಿಮೆ. 70 ಶೇಕಡಾದಿಂದ, ಅಂದರೆ 15 ರಿಂದ ಶುರು ಮಾಡಿ.

ಕಷ್ಟವಿರುವುದು ಸೊನ್ನೆಯ ಬಳಿ. ಕರೆಂಟ್ ಸಣ್ಣದಿದ್ದಾಗ ಅಳತೆಯ ಗದ್ದಲದಿಂದ ದಿಕ್ಕು ಕ್ಷಣಕ್ಷಣಕ್ಕೂ ಮಗುಚಿ, ಸರಿದೂಗಿಕೆಯೇ ಹೊಸ ಕಂಪನ ಹುಟ್ಟಿಸುತ್ತದೆ. ಅಲ್ಲದೆ ಅಲ್ಲಿ ಡಯೋಡ್ ಕೂಡಲೇ ಹಿಡಿಯುವುದಿಲ್ಲ. ಸ್ವಿಚ್‌ಗಳ ಮತ್ತು ಕೇಬಲ್‌ನ ಕೆಪಾಸಿಟೆನ್ಸನ್ನು ಕರೆಂಟ್ ಮೊದಲು ತುಂಬಬೇಕು. ಅದು 400 ಪಿಕೋಫ್ಯಾರಡ್ ಇದ್ದರೆ 560 ವೋಲ್ಟ್‌ಗೆ 224 ನ್ಯಾನೋಕೂಲಂಬ್. 611 ನ್ಯಾನೋಸೆಕೆಂಡಿನಲ್ಲಿ ಅದನ್ನು ತುಂಬಲು ಸುಮಾರು 0.37 ಆಂಪಿಯರ್ ಬೇಕು. ಅದಕ್ಕಿಂತ ಕಡಿಮೆ ಕರೆಂಟಿಗೆ ನಷ್ಟವೂ ಕಡಿಮೆ. ಆದ್ದರಿಂದ ದಿಕ್ಕಿಗೆ ತಕ್ಕ ಹಾಗೆ ಒಮ್ಮೆಗೇ ಜಿಗಿಸದೆ, ಈ ಮಿತಿಯ ಎರಡೂ ಬದಿಯ ನಡುವೆ ಸರಿದೂಗಿಕೆಯನ್ನು ಕರೆಂಟಿಗೆ ಅನುಪಾತದಲ್ಲಿ ಏರಿಸಿ. ದಿಕ್ಕು ತಿಳಿಯಲು ಅಳೆದ ಕರೆಂಟಿನ ಬದಲು ನಿಯಂತ್ರಕ ಕೇಳುತ್ತಿರುವ ಕರೆಂಟನ್ನು ಮೂರು ಫೇಸ್‌ಗೆ ಬಿಡಿಸಿ ಬಳಸಿದರೆ ಗದ್ದಲ ಬಹಳ ಕಡಿಮೆ.

ಅಂಕಿಗಳನ್ನು ಊಹಿಸದೆ ಯಂತ್ರದಿಂದಲೇ ಪಡೆಯಬಹುದು. ಸರಿದೂಗಿಕೆ ಆಫ್ ಮಾಡಿ, ಕೋನವನ್ನು ಒಂದನೇ ಫೇಸ್‌ನ ಮೇಲೆ ನಿಲ್ಲಿಸಿ, ಡಿ-ಅಕ್ಷದಲ್ಲಿ (ಆ ಕೋನದ ದಿಕ್ಕಿನಲ್ಲೇ) ಡಿಸಿ ಕರೆಂಟನ್ನು ಸೊನ್ನೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಪ್ರತಿ ಮೆಟ್ಟಿಲಲ್ಲೂ ನಿಯಂತ್ರಕ ಕೇಳಿದ ವೋಲ್ಟೇಜನ್ನು ಬರೆದುಕೊಳ್ಳಿ. ಗ್ರಾಫ್‌ನ ನೇರ ಭಾಗದ ಇಳಿಜಾರು ರೆಸಿಸ್ಟೆನ್ಸ್. ಆ ಗೆರೆಯನ್ನು ಹಿಂದಕ್ಕೆ ಎಳೆದಾಗ ವೋಲ್ಟೇಜ್ ಅಕ್ಷವನ್ನು ಮುಟ್ಟುವ ಬಿಂದು ಒಂದು ಫೇಸ್‌ನ ದೋಷದ 4/3 ಪಟ್ಟು, ಏಕೆಂದರೆ ಉಳಿದ ಎರಡು ಫೇಸ್‌ಗಳ ದೋಷವೂ ಅದರಲ್ಲಿ ಸೇರಿದೆ. ಸೊನ್ನೆಯ ಬಳಿ ಗ್ರಾಫ್ ಬಾಗಿರುವ ಭಾಗ ಅನುಪಾತದ ಮಿತಿಯನ್ನು ತೋರಿಸುತ್ತದೆ. ರೋಟರ್ ಜಗ್ಗಬಹುದು, ಶಾಫ್ಟ್‌ಗೆ ಏನೂ ಕಟ್ಟಿರಬಾರದು. ಸುರುಳಿ ಬಿಸಿಯಾದರೆ ಇಳಿಜಾರೂ ಬದಲಾಗುವುದರಿಂದ ಪ್ರತಿ ಮೆಟ್ಟಿಲಿಗೂ ಕಾಲು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಡಿ.

ಸರಿಯಾಗಿದೆಯೇ ಎಂದು ನೋಡಲು 1-2 ಹರ್ಟ್ಸ್‌ನಲ್ಲಿ ಫೇಸ್ ಕರೆಂಟ್ ನೋಡಿ. ಸೊನ್ನೆಯ ಬಳಿ ಇನ್ನೂ ಚಪ್ಪಟೆ ಇದ್ದರೆ ಸಾಲದು. ಸೊನ್ನೆಯನ್ನು ಜಿಗಿದು ದಾಟುತ್ತಿದ್ದರೆ ಹೆಚ್ಚಾಯಿತು. ಸ್ವಲ್ಪ ಕಡಿಮೆ ಇಟ್ಟುಕೊಳ್ಳುವುದೇ ಮೇಲು, ಹೆಚ್ಚಾದ ಸರಿದೂಗಿಕೆ ಹಗುರ ಹೊರೆಯಲ್ಲಿ ಮೋಟಾರನ್ನು ತೂಗಾಡಿಸಬಲ್ಲದು.

ಹಂತ 8: ಕಿರಿದಾದ ಪಲ್ಸ್‌ಗಳು ಮತ್ತು ತುರ್ತು ನಿಲುಗಡೆ

ಡೆಡ್ ಟೈಮ್‌ಗಿಂತ ಕಿರಿದಾದ ಪಲ್ಸ್ ಹೊರಗೆ ಬರುವುದೇ ಇಲ್ಲ, ಅದಕ್ಕಿಂತ ತುಸು ಅಗಲದ್ದು ಸ್ವಿಚ್ಚನ್ನು ಅರ್ಧ ಮಾತ್ರ ಎಬ್ಬಿಸುತ್ತದೆ. ಡೆಡ್ ಟೈಮ್‌ನ ಮೂರು ಪಟ್ಟಿಗಿಂತ ಕಿರಿದಾದ ಪಲ್ಸ್ ಬಂದರೆ ಅದನ್ನು ಪೂರ್ತಿ ಬಿಟ್ಟುಬಿಡಿ ಅಥವಾ ಆ ಕನಿಷ್ಠಕ್ಕೆ ಏರಿಸಿ. ಸರಿದೂಗಿಕೆ ಕೂಡಿಸಿದ ನಂತರವೇ ಈ ಪರೀಕ್ಷೆ ಬರಲಿ.

ಓವರ್‌ಕರೆಂಟ್ ಕಂಪಾರೇಟರ್‌ನ ಔಟ್‌ಪುಟ್ ಟೈಮರ್‌ನ ಬ್ರೇಕ್ ಪಿನ್‌ಗೆ (ಔಟ್‌ಪುಟ್‌ಗಳನ್ನು ಕೂಡಲೇ ಆಫ್ ಮಾಡುವ ಪಿನ್‌ಗೆ) ನೇರ ಹೋಗಬೇಕು, ಇಂಟರಪ್ಟ್ ಮೂಲಕ ಅಲ್ಲ. ಐಜಿಬಿಟಿಗಳು ಶಾರ್ಟ್ ಸರ್ಕ್ಯೂಟನ್ನು ಸಾಮಾನ್ಯವಾಗಿ 5 ರಿಂದ 10 ಮೈಕ್ರೋಸೆಕೆಂಡ್ ತಾಳುತ್ತವೆ, ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗಳು 2-3. ಡೆಸ್ಯಾಟ್ ರಕ್ಷಣೆಯ (ಆನ್ ಇರುವ ಸ್ವಿಚ್ ಮೇಲೆ ವೋಲ್ಟೇಜ್ ಏರಿದರೆ ಅದನ್ನು ಆಫ್ ಮಾಡುವ ರಕ್ಷಣೆ) ಬ್ಲಾಂಕಿಂಗ್ ಸಮಯ (ಸ್ವಿಚ್ ಆನ್ ಆದೊಡನೆ ಆ ರಕ್ಷಣೆ ಕಣ್ಣುಮುಚ್ಚಿರುವ ಹೊತ್ತು), ಫಿಲ್ಟರ್, ಆಫ್ ವಿಳಂಬ ಮೂರೂ ಸೇರಿ ಅದರೊಳಗೆ ಮುಗಿಯಬೇಕು. ಬ್ಲಾಂಕಿಂಗ್ ತೀರಾ ಕಡಿಮೆಯಾದರೆ ಸಹಜ ಆನ್ ಆಗುವಿಕೆಯನ್ನೇ ದೋಷವೆಂದು ಹಿಡಿದು ಮೋಟಾರ್ ಪದೇ ಪದೇ ನಿಲ್ಲುತ್ತದೆ. ಬ್ರೇಕ್ ಬಿದ್ದ ಮೇಲೆ ಔಟ್‌ಪುಟ್ ತಾನೇ ಮರಳಿ ಆನ್ ಆಗುವ ಸೌಲಭ್ಯವನ್ನು ಆಫ್ ಇಡಿ. ಶಾರ್ಟ್ ಆದ ಲೆಗ್‌ಗೆ ಪ್ರತಿ 62.5 ಮೈಕ್ರೋಸೆಕೆಂಡಿಗೊಮ್ಮೆ ಹೊಸ ಪೆಟ್ಟು ಬೀಳುತ್ತಿದ್ದರೆ ಯಾವ ರಕ್ಷಣೆಯೂ ಅದನ್ನು ಉಳಿಸದು. ಬ್ರೇಕ್ ಪಿನ್ನನ್ನು 24 ವೋಲ್ಟ್ ಬಸ್‌ನಲ್ಲೇ ಕೈಯಿಂದ ಎಳೆದು, ಆರೂ ಗೇಟ್‌ಗಳು ಎಷ್ಟು ನ್ಯಾನೋಸೆಕೆಂಡಿನಲ್ಲಿ ಬಿದ್ದವು ಎಂದು ಸ್ಕೋಪ್‌ನಲ್ಲಿ ಅಳೆದು ಬರೆದಿಟ್ಟುಕೊಂಡ ಮೇಲೆಯೇ ಪೂರ್ಣ ಬಸ್ ವೋಲ್ಟೇಜ್‌ಗೆ ಹೋಗಿ.